ಹದಿನೇಳನೆಯ ಮೊಣಕಾಲು

ಆಸ್ಪತ್ರೆಯಿಂದ ಅದು ಬಂದದ್ದು ಬರ್ಫದ ಡಬ್ಬಿಯಲ್ಲಿ.
ಹೆಸರಿಲ್ಲ, ಊರಿಲ್ಲ,
ಹದಿನೇಳು ಅಂತಷ್ಟೇ ಬರೆದ ಚೀಟಿ.
ಹೆಣ್ಣು. ಐವತ್ತೆಂಟು. ಬಲಗಾಲು.

ಮುಚ್ಚಳ ತೆಗೆದರೆ
ಮೆಲ್ಲೆಲುಬು ಉಳಿದದ್ದು ಅಂಚಿನಲ್ಲಷ್ಟು,
ಬೇಯಿಸಿದ ತತ್ತಿಯ ಬಿಳಿಯ ಹಾಗೆ.
ನಡುವೆಲ್ಲ ಸವೆದು ಎಲುಬು
ಥಳಥಳ ಹೊಳೆಯುತ್ತಿತ್ತು,
ಪಾಲಿಷ್ ಹೊಡೆದ ಶಹಾಬಾದ ಫರಸಿಯಂತೆ.
ಹಾಗೆ ಅಂದುಕೊಂಡೆ. ಅಂದುಕೊಂಡು ಮರೆತೆ.

ಅಂಚು ಕೆರೆದು ತಟ್ಟೆಗಿಳಿಸಿದೆ.
ಪೆಟ್ಟಿಗೆಯೊಳಗೆ ಮೂವತ್ತೇಳು ಡಿಗ್ರಿ,
ಹೊರಗೆ ಕಲಬುರಗಿ ನಲವತ್ತನಾಲ್ಕು.
ಎರಡು ದಿನ ಮಿಸುಕಲಿಲ್ಲ.
ಮೂರನೆಯ ದಿನ ತಳ ಹಿಡಿದು ಕೂತವು,
ಒಂದು, ನಾಲ್ಕು, ಒಂಬತ್ತು ಜೀವಕಣ,
ಹೊಸ ಓಣಿಗೆ ಬಾಡಿಗೆ ಬಂದವರಂತೆ ದೂರ ದೂರ.

ಅವಕ್ಕೆ ಮೊದಲು ನಾವೇ ಉರಿ ಹಚ್ಚಬೇಕು,
ಅದೇ ಪದ್ಧತಿ.
ಆಮೇಲೆ ಹನಿ ಹನಿ:
ಅರಿಸಿನದ ಹಳದಿ,
ಧೂಪದ ಮರದ ಅಂಟು,
ಗೆಣ್ಣು ಗೆಣ್ಣಿನ ಸಂದುಬಳ್ಳಿ,
ಹೆಸರಲ್ಲೇ ಔಷಧ ಹೊತ್ತು ತಿರುಗುವ ಜಂಬಗಾತಿ,
ಮತ್ತು ನನ್ನ ಅಣಬಿ.

ಆಳಂದ ರಸ್ತೆಯ ಬದಿ ಕೊಳೆತ ತೊಗರಿಕಟ್ಟಿಗೆಯ ಮೇಲೆ
ಹೋದ ಮಿರಗದ ಮಳೆಗೆ ಎದ್ದದ್ದು.
ಮಾಳಿಗೆಯಲ್ಲಿ ಒಣಹಾಕಿದಾಗ
ಮನೆ ಒಡತಿ ನೀಲಮ್ಮ ಬಗ್ಗಿ ನೋಡಿ
'ಪಲ್ಯಕ್ಕೂ ಸಾಲಂಗಿಲ್ಲ ಬಿಡವಾ' ಅಂದಿದ್ದರು.

ಅರಿಸಿನಕ್ಕೆ ಉರಿ ಅರ್ಧ ಇಳಿಯಿತು.
ಸಂದುಬಳ್ಳಿ ಬಾಯಿ ಬಿಡಲಿಲ್ಲ.
ಅಣಬಿಗೆ ಒಮ್ಮೆ ಇಳಿಯಿತು, ಒಮ್ಮೆ ಇಲ್ಲ,
ಮೂರನೆಯ ಸಲ ಕರೆಂಟೇ ಹೋಯಿತು.

ಆ ಶನಿವಾರ ಬಾಗಿಲಲ್ಲಿ ಕೋಲೂರಿ ನಿಂತಿದ್ದಳು ಜೈತುನಬಿ.
'ನನ ಮಣಕಾಲ ಇಲ್ಲೇ ಅದಂತ, ಕಂಪೌಂಡರ್ ಹೇಳ್ಯಾನ.
ಹೆಬ್ಬೆಟ್ಟು ಒತ್ತಿದಾಕಿ ನಾನೇ, ಇಲ್ಲನ್ನಂಗಿಲ್ಲ.
ಆದ್ರ ಮಣ್ಣು ಕೊಡಬೇಕ್ರಿ ಅದಕ್ಕ,
ನನಗಿಂತ ಮೊದಲ ಹೋಗ್ಯದ.'

ಹದಿನೇಳು ಯಾರದೂ ಅಲ್ಲ ಎನ್ನುತ್ತದೆ ನಿಯಮ.
ಎಲುಬು ಹಳದಿ ಚೀಲದಲ್ಲಿ ಎಂದೋ ಸುಟ್ಟು ಹೋಗಿದೆ.
ಎರಡನ್ನೂ ಹೇಳಲಾರದೆ ಕೇಳಿದೆ,
ಏನು ಕೆಲಸ ನಿಮ್ಮದು?
'ಶಹಾಬಾದದಾಗ ಫರಸಿ ತಿಕ್ಕೂದು.
ಮಣಕಾಲೂರಿ, ನೀರ ಹೊಡದು,
ಮೂವತ್ತೊಂದು ವರ್ಷ.'

ಸೂಕ್ಷ್ಮದರ್ಶಕದ ಮುಂದೆ ಸ್ಟೂಲು ಎಳೆದೆ.
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.
'ಜೀವ ಅದ ಏನ್ರಿ ಇವಕ್ಕ?'
ಅದೆ.
'ಏನ್ ಕುಡಸ್ತೀರಿ?'
ಹೇಳಿದೆ.
ನಕ್ಕಳು, ಸ್ಟೂಲು ಅಲುಗುವಷ್ಟು.
'ಹಳದಿ ಹಚ್ಚಿ ಹಚ್ಚಿ ಸಾಕಾಗಿ
ಕೊಯ್ಯಿಸಿಕೊಂಡು ಬಂದೀನಿ,
ನೀವು ಮತ್ತ ಅದನ್ನೇ ಹಚ್ಚಲತ್ತೀರಿ!'

ಆಮೇಲೆ ಸಣ್ಣ ದನಿಯಲ್ಲಿ,
'ಎಡಗಾಲಿಗೆ ಆಗ್ತದೇನ್ರಿ?'

ತಟ್ಟೆಯಲ್ಲಿ ಆಗುತ್ತದೆ, ಅಂದೆ.
ತಟ್ಟೆಯಿಂದ ಮೊಣಕಾಲಿಗೆ ಸೀದಾ ದಾರಿಯಿಲ್ಲ ತಾಯಿ,
ನಡುವೆ ಹೊಟ್ಟೆ ಇದೆ, ಪಿತ್ತವಿದೆ,
ನುಂಗಿದ ಹಳದಿಯಲ್ಲಿ ಒಳಗೆ ದಾಟುವುದೇ ಚಿಟಿಕೆ,
ಮೆಲ್ಲೆಲುಬೋ, ರಕ್ತವೂ ಹೊಗದ ಊರು.
ಇಲಿಗಳಾಗಬೇಕು, ಆಮೇಲೆ ಮನುಷ್ಯರು,
ನೂರು ಜನಕ್ಕೆ ಔಷಧ, ನೂರು ಜನಕ್ಕೆ ಬರೀ ಹಿಟ್ಟಿನ ಗುಳಿಗೆ,
ಯಾರಿಗೆ ಯಾವುದು ಅಂತ ಕೊಡುವವರಿಗೂ ಗೊತ್ತಿಲ್ಲದ ಹಾಗೆ.

'ಹಿಟ್ಟು ತಿಂದವರಿಗೂ ಬ್ಯಾನಿ ಕಮ್ಮಿ ಆಗ್ತದೇನು?'
ಆಗುತ್ತದೆ, ಕೆಲವರಿಗೆ.
'ಹಂಗಾರ ನನಗ ಹಿಟ್ಟಾದ್ರೂ ಕೊಡ್ರಿ.'

ಕೊಡಲು ನನ್ನಲ್ಲಿ ಏನೂ ಇರಲಿಲ್ಲ.
ಚಹಾ ತರಿಸಿದೆ.

ಎದ್ದಾಗ ಸ್ಟೀಲಿನ ಕಾಲು ಸುಮ್ಮನಿತ್ತು,
ಎಡಗಾಲೇ ಕಟಕ್ ಎಂದದ್ದು.
ಬಾಗಿಲ ಹತ್ತಿರ ನಿಂತು
ಕೋಲಿನ ತುದಿಯಿಂದ ನೆಲ ಸವರಿದಳು.
ನಾನು ಆರು ವರ್ಷ ನಿಂತ ನೆಲ,
ಒಮ್ಮೆಯೂ ನೋಡಿರಲಿಲ್ಲ.

'ಇದು ನಮ್ಮ ಕಲ್ಲು,' ಅಂದಳು.
'ಪಾಲಿಷ್ ಅರ್ಧಕ್ಕ ಬಿಟ್ಟಾರ.'